ಒಂದು ಸ್ಪೋಕ್ ಕೀ, ಎರಡು ಕಿವಿ

ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳುವವರ ಧೈರ್ಯಕ್ಕೆ ಒಂದು ಗಡಿ ಇದೆ. ಪಂಕ್ಚರ್ ಹಾಕುತ್ತಾರೆ, ಬ್ರೇಕ್ ಕೇಬಲ್ ಬದಲಿಸುತ್ತಾರೆ, ಚೈನ್ ಬಿಚ್ಚಿ ತೊಳೆದು ಎಣ್ಣೆ ಬಿಡುತ್ತಾರೆ, ವಿಡಿಯೊ ನೋಡಿಕೊಂಡು ಗೇರ್ ಕೂಡ ಕೂರಿಸುತ್ತಾರೆ. ಗಾಲಿ ಬೆಂಡಾಗಿದೆ ಅಂದರೆ ಮಾತ್ರ ಕೈ ಹಿಂದೆ ಸರಿಯುತ್ತದೆ. ಅದಕ್ಕೆ ಬೇರೆಯದೇ ಸಲಕರಣೆ ಬೇಕು ಎಂಬ ನಂಬಿಕೆ ಬಲವಾಗಿದೆ. ಗಾಲಿಯನ್ನು ಹಿಡಿದು ನಿಲ್ಲಿಸಲು ಟ್ರೂಯಿಂಗ್ ಸ್ಟ್ಯಾಂಡ್, ರಿಮ್ ನಟ್ಟನಡುವೆ ಇದೆಯೇ ಎಂದು ನೋಡಲು ಡಿಶ್ ಗೇಜ್, ಕಡ್ಡಿಯ ಬಿಗಿ ಅಳೆಯಲು ಟೆನ್ಶನ್ ಮೀಟರ್. ಈ ಮೂರೂ ಇಲ್ಲದವರು ಗಾಲಿ ಮುಟ್ಟಲೇಬಾರದು ಎನ್ನುವವರು ಒಂದು ಕಡೆ. ನಮ್ಮೂರ ಸೈಕಲ್ ಶಾಪಿನವರು ಒಂದು ಕೀ, ಒಂದು ತುಂಡು ಸೀಮೆಸುಣ್ಣ ಇಟ್ಟುಕೊಂಡೇ ಜೀವಮಾನವಿಡೀ ಬೆಂಡು ತೆಗೆಯಲಿಲ್ಲವೇ ಎಂದು ಕೇಳುವವರು ಇನ್ನೊಂದು ಕಡೆ.

ಇವರಿಬ್ಬರ ಮನಸ್ಸಿನಲ್ಲಿರುವ ಗಾಲಿ ಒಂದೇ ಅಲ್ಲ. ಜಗಳ ಮುಗಿಯದಿರುವುದು ಅದಕ್ಕೇ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅಳತೆಗೆ ಸರಿಯಾದ ಸ್ಪೋಕ್ ಕೀ ಇಲ್ಲದೆ ಕೆಲಸ ಸಾಗದು. ಜನ ಮೊದಲು ಕೊಳ್ಳಲು ಹೊರಡುವ ಸ್ಟ್ಯಾಂಡ್ ಒಂದು ಅನುಕೂಲ, ಅಷ್ಟೇ. ಯಾರೂ ಕೊಳ್ಳದ, ಕೊಂಡರೂ ಕಟ್ಟಕಡೆಗೆ ಕೊಳ್ಳುವ ಟೆನ್ಶನ್ ಮೀಟರ್ ಇದೆಯಲ್ಲ, ಇವತ್ತಿನ ಗಾಲಿಗಳಿಗೆ ನಿಜವಾಗಿ ಬೇಕಾಗುವುದು ಅದು.

ಕಾರಣ ತಿಳಿಯಬೇಕಾದರೆ ಗಾಲಿ ನಿಂತಿರುವುದು ಹೇಗೆ ಎಂದು ನೋಡಬೇಕು. ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಬೀಳುವುದು ಕೆಳಗಿರುವ ಅರದ ಮೇಲೆ. ಮರದ ಅರ ಕಂಬದ ಹಾಗೆ ಆ ಭಾರ ಹೊರುತ್ತದೆ. ಎರಡು ಮಿಲಿಮೀಟರ್ ದಪ್ಪದ ಸೈಕಲ್ ಕಡ್ಡಿಗೆ ಆ ತಾಕತ್ತಿಲ್ಲ, ಒತ್ತಿದರೆ ಬಾಗಿಹೋಗುತ್ತದೆ. ಎಳೆತಕ್ಕಾದರೆ ಅದು ಗಟ್ಟಿ. ಹಾಗಾಗಿ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಪ್ಯಾರಿಸ್ಸಿನ ಯೂಜೆನ್ ಮೇಯರ್ 1869ರಲ್ಲಿ ತಂತಿ ಕಡ್ಡಿಯ ಗಾಲಿಗೆ ಪೇಟೆಂಟ್ ಪಡೆದ. 1874ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನಿಂದ ನೇರವಾಗಿ ಬಿಡದೆ ಓರೆಯಾಗಿ, ಒಂದನ್ನೊಂದು ದಾಟಿಸಿ ಹೆಣೆಯುವ ಕ್ರಮಕ್ಕೆ ಪೇಟೆಂಟ್ ಮಾಡಿಸಿದ. ನಮ್ಮ ಹೆಚ್ಚಿನ ಸೈಕಲ್‌ಗಳಲ್ಲಿ ಇವತ್ತಿಗೂ ಇರುವುದು ಅದೇ ಹೆಣಿಗೆ.

ಆ ಬಿಗಿ ಸಣ್ಣದಲ್ಲ. ಒಳ್ಳೆಯ ಹಿಂದಿನ ಗಾಲಿಯಲ್ಲಿ ಗೇರ್ ಕಡೆಯ ಒಂದೊಂದು ಕಡ್ಡಿಯನ್ನೂ ಸುಮಾರು 100 ಕಿಲೋ ಭಾರ ನೇತುಹಾಕಿದಷ್ಟು ಬಲದಿಂದ ಎಳೆದಿರುತ್ತಾರೆ. 36 ಕಡ್ಡಿಯ ಮುಂದಿನ ಗಾಲಿಯಲ್ಲೂ ಅಷ್ಟೇ ಬಿಗಿ ಇದ್ದರೆ ಒಟ್ಟು ಎಳೆತ ಮೂರೂವರೆ ಟನ್ ಮೀರುತ್ತದೆ. ಸವಾರ ಕುಳಿತಾಗ ಆಗುವುದು ಇಷ್ಟೇ: ನೆಲಕ್ಕೆ ತಾಗಿದ ಜಾಗದ ಮೇಲಿರುವ ನಾಲ್ಕಾರು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ, ಉಳಿದವುಗಳಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಪ್ರಕಟಿಸಿದ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ. ಗಾಲಿ ತನ್ನ ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ ಎಂಬ ಅವನ ವಾದ ಕೇಳಿ ಸಿಟ್ಟಾದವರೂ ಉಂಟು. ಮಾತು ಹೇಗಾದರೂ ಇರಲಿ, ಅದರಿಂದ ಸಿಗುವ ಪಾಠ ಸರಳ. ಕೆಳಗೆ ಬಂದ ಕಡ್ಡಿ ಪೂರಾ ಸಡಿಲವಾಗದಷ್ಟು ಬಿಗಿ ಇರಬೇಕು, ಮತ್ತು ಅದು ಎಲ್ಲ ಕಡ್ಡಿಗಳಲ್ಲೂ ಹೆಚ್ಚುಕಡಿಮೆ ಸಮನಾಗಿರಬೇಕು.

ಸಲಕರಣೆಯ ಪ್ರಶ್ನೆ ತಿರುವು ಪಡೆಯುವುದು ಇಲ್ಲಿಯೇ. ಕೂದಲೆಳೆಯಷ್ಟೂ ಓಲಾಡದೆ ನೇರವಾಗಿ ತಿರುಗುವ ಗಾಲಿಯಲ್ಲಿ ಒಂದು ಕಡ್ಡಿ 130 ಕಿಲೋ ಬಿಗಿಯಲ್ಲಿದ್ದು, ಅದೇ ಬದಿಯ ಪಕ್ಕದ್ದು 40ರಲ್ಲಿ ಇರಬಹುದು. ಕಣ್ಣಿಗೆ ಎರಡೂ ಒಂದೇ. ಅಂಥ ಗಾಲಿ ನಾಲ್ಕು ದಿನ ಚೆನ್ನಾಗಿ ಓಡಿ, ಒಂದು ಹಂಪ್ ಹಾರಿದ ಮೇಲೆ ಮತ್ತೆ ಬೆಂಡಾಗುತ್ತದೆ. ಅಥವಾ ಆ 40ರ ಕಡ್ಡಿ ಪ್ರತಿ ಸುತ್ತಿಗೂ ಸಡಿಲಾಗಿ ಬಿಗಿಯಾಗಿ ಬಳಲಿ, ಹಬ್ಬಿನ ಬಳಿಯ ಮೊಣಕೈಯಲ್ಲಿ ತುಂಡಾಗುತ್ತದೆ. ಸ್ಟ್ಯಾಂಡ್ ತೋರಿಸುವುದು ಆಕಾರವನ್ನು ಮಾತ್ರ. ಗಾಲಿಯ ಆಯಸ್ಸು ಇರುವುದು ಬಿಗಿಯಲ್ಲಿ.

ಈಗ ಒಂದೊಂದಾಗಿ ನೋಡೋಣ. ಮೊದಲಿಗೆ ಕೀ.

ಕಡ್ಡಿಯ ತುದಿಯಲ್ಲಿ ರಿಮ್ಮಿಗೆ ಕೂರುವ ನಿಪ್ಪಲ್ ಬಹಳ ಸಣ್ಣದು. ಹೆಚ್ಚಾಗಿ ಹಿತ್ತಾಳೆಯದು, ಮೇಲೆ ನಿಕಲ್ ಲೇಪ. ಅದರ ಚಪ್ಪಟೆ ಮುಖಗಳ ನಡುವಿನ ಅಳತೆ ಎಲ್ಲ ಸೈಕಲ್‌ನಲ್ಲೂ ಒಂದೇ ಅಲ್ಲ. ಅಮೆರಿಕದ ಪಾರ್ಕ್ ಟೂಲ್ ಕಂಪನಿ ಬಣ್ಣದ ಮೇಲೆ ವಿಂಗಡಿಸಿ ಮಾರುವ ಕೀಗಳಲ್ಲಿ ಕಪ್ಪು 3.23 ಮಿಲಿಮೀಟರ್, ಹಸಿರು 3.30, ಕೆಂಪು 3.45. ಕಪ್ಪಿಗೂ ಕೆಂಪಿಗೂ ಕಾಲು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಆದರೆ ಕಪ್ಪು ಬೇಕಾದಲ್ಲಿ ಕೆಂಪು ಹಾಕಿ ಒತ್ತಿ ತಿರುಗಿಸಿದರೆ ನಿಪ್ಪಲ್ಲಿನ ಮೂಲೆಗಳು ಸವೆದು ದುಂಡಗಾಗುತ್ತವೆ. ದುಂಡಗಾದ ನಿಪ್ಪಲ್ಲಿಗೆ ಆಮೇಲೆ ಯಾವ ಕೀಯೂ ಕೂರದು. ಟೈರು, ಟ್ಯೂಬು, ರಿಮ್ ಟೇಪು ಬಿಚ್ಚಿ ಕಡ್ಡಿಯನ್ನೇ ಕತ್ತರಿಸಬೇಕಾದೀತು. ಎಲ್ಲ ಸೈಕಲ್ ಅಂಗಡಿಯಲ್ಲೂ ಸಿಗುವ, ಸುತ್ತಲೂ ಆರೆಂಟು ಕಚ್ಚುಗಳಿರುವ ದುಂಡನೆಯ ಕೀ ಮನೆಯ ಪೆಟ್ಟಿಗೆಗೆ ಮೊದಲು ಸೇರುವಂಥದ್ದು, ಬೇಗ ಕೈಕೊಡುವಂಥದ್ದು ಕೂಡ. ಅಗ್ಗದವುಗಳಲ್ಲಿ ಕಚ್ಚಿನ ಅಳತೆ ನಿಖರವಾಗಿರುವುದಿಲ್ಲ. ಯಾವುದೋ ಒಂದು ಕಚ್ಚು ಕೂತಂತೆ ಕಾಣುತ್ತದೆ, ತಿರುಗಿಸಿದಾಗ ಜಾರುತ್ತದೆ. ಪರೀಕ್ಷೆ ಸುಲಭ. ಕೀ ಸ್ವಲ್ಪ ತಡವರಿಸಿ ಒಳಗೆ ಸರಿಯಬೇಕು. ಕೂತ ಮೇಲೆ ಆಚೀಚೆ ಅಲ್ಲಾಡಬಾರದು. ಎರಡು ಅಳತೆಗಳು ಕೂರುತ್ತಿದ್ದರೆ ಸಣ್ಣದನ್ನೇ ಆರಿಸಬೇಕು. ಕಟಿಂಗ್ ಪ್ಲೇಯರ್ ಹಿಡಿದು ನಿಪ್ಪಲ್ ತಿರುಗಿಸುವವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಕರಾವಳಿಯವರಿಗೆ ಇನ್ನೊಂದು ಕಷ್ಟ. ಉಪ್ಪುಗಾಳಿಗೆ ನಿಪ್ಪಲ್ಲು ಕಡ್ಡಿಯ ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ, ಕಚ್ಚಿಕೊಂಡುಬಿಡುತ್ತದೆ. ಮಂಗಳೂರು, ಕಾರವಾರಗಳಲ್ಲಿ ಎರಡು ಮಳೆಗಾಲ ಹೊರಗೆ ನಿಂತ ಸೈಕಲ್ಲಿಗೆ ಕೀ ಹಾಕುವ ಹಿಂದಿನ ರಾತ್ರಿಯೇ ಪ್ರತಿ ನಿಪ್ಪಲ್ಲಿನ ಎರಡು ಕಡೆ, ಅಂದರೆ ಕಡ್ಡಿ ಒಳಹೋಗುವಲ್ಲಿ ಮತ್ತು ನಿಪ್ಪಲ್ ರಿಮ್ಮಿಗೆ ಕೂರುವಲ್ಲಿ, ಒಂದೊಂದು ತೊಟ್ಟು ತೆಳು ಎಣ್ಣೆ ಬಿಟ್ಟಿರಬೇಕು. ಇಲ್ಲದಿದ್ದರೆ ಕೀ ತಿರುಗುತ್ತದೆ, ನಿಪ್ಪಲ್ ತಿರುಗುತ್ತದೆ, ಕಡ್ಡಿಯೂ ಜೊತೆಗೇ ಸುರುಳಿಯಾಗಿ ತಿರುಚಿಕೊಳ್ಳುತ್ತದೆ. ಕೆಲಸ ಆಯಿತು ಎಂದುಕೊಳ್ಳುತ್ತೇವೆ. ಸವಾರಿ ಹೊರಟ ಮೊದಲ ಫರ್ಲಾಂಗಿನಲ್ಲೇ ಟಿಣ್ ಟಿಣ್ ಎಂದು ಸದ್ದು ಮಾಡುತ್ತಾ ತಿರುಚು ಬಿಚ್ಚಿಕೊಂಡು ಗಾಲಿ ಇದ್ದಲ್ಲಿಗೇ ಬಂದು ನಿಲ್ಲುತ್ತದೆ. ಕಡ್ಡಿಗೆ ಒಂದು ಚೂರು ಟೇಪು ಬಾವುಟದ ಹಾಗೆ ಅಂಟಿಸಿದರೆ ತಿರುಚು ಕಣ್ಣಿಗೇ ಕಾಣುತ್ತದೆ. ಬೇಕಾದ್ದಕ್ಕಿಂತ ತುಸು ಹೆಚ್ಚು ತಿರುಗಿಸಿ ಅಷ್ಟೇ ಹಿಂದಕ್ಕೆ ತರುವುದು ಇದಕ್ಕೆ ಮದ್ದು.

ತಿರುಗಿಸುವ ದಿಕ್ಕಿನಲ್ಲೂ ಒಂದು ಬಲೆ ಇದೆ. ಟೈರಿನ ಕಡೆಯಿಂದ ಹಬ್ಬಿನತ್ತ ನೋಡಿದರೆ ನಿಪ್ಪಲ್ ಎಲ್ಲ ಸ್ಕ್ರೂಗಳಂತೆಯೇ ಗಡಿಯಾರದ ದಿಕ್ಕಿಗೆ ಬಿಗಿಯಾಗುತ್ತದೆ. ಆದರೆ ಸೈಕಲ್ ನೆಟ್ಟಗೆ ನಿಂತಿದ್ದು ಗಾಲಿಯ ಕೆಳಭಾಗದ ನಿಪ್ಪಲ್ಲಿಗೆ ಕೈ ಹಾಕಿದಾಗ ನಾವು ನೋಡುತ್ತಿರುವುದು ಹಬ್ಬಿನ ಕಡೆಯಿಂದ, ದಿಕ್ಕು ತಲೆಕೆಳಗಾಗಿರುತ್ತದೆ. ಬಿಗಿ ಮಾಡುತ್ತೇನೆಂದು ಸಡಿಲ ಮಾಡುತ್ತಾ ಹೋಗಿ, ಬೆಂಡು ಹೆಚ್ಚಾದಷ್ಟೂ ಇನ್ನಷ್ಟು ತಿರುಗಿಸಿ, ಕೊನೆಗೆ ಗಾಲಿಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬರುವವರು ಹೆಚ್ಚಾಗಿ ಈ ಬಲೆಗೆ ಬಿದ್ದವರು. ಸದಾ ಗಾಲಿಯ ಒಂದೇ ಜಾಗದಲ್ಲಿ, ಒಂದೇ ಭಂಗಿಯಲ್ಲಿ ಕೆಲಸ ಮಾಡಿದರೆ ಈ ಗೊಂದಲ ಇಲ್ಲ.

ಎಷ್ಟು ತಿರುಗಿಸಬೇಕು? ಸಾಮಾನ್ಯ ಕಡ್ಡಿಯ ಮರೆ ಅಂಗುಲಕ್ಕೆ 56. ಒಂದು ಪೂರ್ತಿ ಸುತ್ತಿಗೆ ನಿಪ್ಪಲ್ ಸರಿಯುವುದು 0.45 ಮಿಲಿಮೀಟರ್. ಅತ್ತ 29 ಸೆಂಟಿಮೀಟರ್ ಉದ್ದದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯನ್ನು 100 ಕಿಲೋ ಬಲದಿಂದ ಎಳೆದರೆ ಅದು ಹಿಗ್ಗುವುದೂ ಸುಮಾರು ಅಷ್ಟೇ. ಅಂದರೆ ಕಡ್ಡಿಯ ಇಡೀ ಬಿಗಿ ನಿಪ್ಪಲ್ಲಿನ ಒಂದು ಸುತ್ತಿನೊಳಗೇ ಅಡಗಿದೆ. ರಿಮ್ ಕೂಡ ಸ್ವಲ್ಪ ಸರಿದುಕೊಡುವುದರಿಂದ ನಿಜದಲ್ಲಿ ಬಿಗಿ ಅಷ್ಟೊಂದು ಏರುವುದಿಲ್ಲ. ಆದರೂ ಅರ್ಧ ಸುತ್ತು ಎಂಬುದು ದೊಡ್ಡ ಮಾತು. ಕಾಲು ಸುತ್ತಿನಲ್ಲಿ ಶುರುಮಾಡಿ, ಕೊನೆಕೊನೆಗೆ ಅದರ ಅರ್ಧಕ್ಕೆ ಇಳಿಯಬೇಕು.

ಸ್ಟ್ಯಾಂಡಿನ ವಿಷಯಕ್ಕೆ ಬರೋಣ. ಅದು ಮಾಡುವುದು ಆಕ್ಸಲ್ ಹಿಡಿದು ನಿಲ್ಲುವ, ರಿಮ್ಮಿನ ಪಕ್ಕ ಎರಡು ಮೊನೆಗಳನ್ನು ತಂದು ನಿಲ್ಲಿಸುವ ಕೆಲಸ. ಆಕ್ಸಲ್ ಹಿಡಿಯಲು ಸೈಕಲ್ಲಿನ ಫೋರ್ಕೇ ಇದೆ. ಮೊನೆಗಳ ಬದಲು ರಿಮ್ ಬ್ರೇಕಿನ ರಬ್ಬರುಗಳಿವೆ. ಕೇಬಲ್ ಸ್ವಲ್ಪ ಬಿಗಿ ಮಾಡಿ ಅವನ್ನು ರಿಮ್ಮಿನ ಹತ್ತಿರಕ್ಕೆ ತಂದರೆ ಅಂತರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಫೋರ್ಕಿನ ಕಾಲಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಉದ್ದದ ತುದಿಯನ್ನು ರಿಮ್ಮಿಗೆ ತಾಗೀ ತಾಗದ ಹಾಗೆ ಕತ್ತರಿಸಿದರೆ ಸಾಕು. ಗಾಲಿ ತಿರುಗಿಸಿದಾಗ ಬೆಂಡಾದ ಜಾಗ ಬಂದ ಕೂಡಲೇ ಸರ್ ಎಂದು ಸವರುವ ಸದ್ದು ಬರುತ್ತದೆ. ಇಂಥ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಚುರುಕು. ರಿಮ್ ಬ್ರೇಕಿನ ಗಾಲಿಗೆ ಅರ್ಧ ಮಿಲಿಮೀಟರ್ ಒಳಗಿನ ಓಲಾಟ ಇದ್ದರೆ ಸಾಕು. ಡಿಸ್ಕ್ ಸೈಕಲ್ಲಿಗೆ ಒಂದು ಮಿಲಿಮೀಟರ್ ಇದ್ದರೂ ಸವಾರನಿಗೆ ಗೊತ್ತಾಗದು. ಇಷ್ಟು ನಿಖರತೆ ಸೈಕಲ್ ಮೇಲೇ ಆರಾಮವಾಗಿ ಸಿಗುತ್ತದೆ.

ಹಾಗಾದರೆ ಸ್ಟ್ಯಾಂಡ್ ಬೇಡವೇ? ಬೆನ್ನುನೋವಿರುವವರು ಬೇಕು ಅನ್ನುತ್ತಾರೆ. ಕೂತ ಎತ್ತರಕ್ಕೆ ಗಾಲಿ ಬರುತ್ತದೆ, ಹಿಂದಿನಿಂದ ಬೆಳಕು ಬೀಳುತ್ತದೆ, ಟೈರ್ ಬಿಚ್ಚಿದ ರಿಮ್ಮಿನ ಜಂಪ್, ಅಂದರೆ ಮೇಲೆ ಕೆಳಗಿನ ಏರಿಳಿತ, ನೋಡಲು ಕೆಳಗೊಂದು ಮೊನೆ ಇರುತ್ತದೆ. 1963ರಲ್ಲಿ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಶುರುವಾದ ಪಾರ್ಕ್ ಟೂಲ್‌ನ ಟಿಎಸ್-2 ಸರಣಿಯ ಸ್ಟ್ಯಾಂಡ್ ಜಗತ್ತಿನ ಅಂಗಡಿಗಳಲ್ಲೆಲ್ಲ ಕಾಣಿಸುತ್ತದೆ. ಅದರ ಬೆಲೆಗೆ ನಮ್ಮಲ್ಲಿ ಸಾಧಾರಣ ಸೈಕಲ್ಲುಗಳೇ ಬರುತ್ತವೆ. ದಿನಕ್ಕೆ ಹತ್ತು ಗಾಲಿ ನೋಡುವ ಅಂಗಡಿಗೆ ಅದು ದುಡಿದುಕೊಡುತ್ತದೆ. ವರ್ಷಕ್ಕೆರಡು ಸಲ ಬೆಂಡು ತೆಗೆಯುವ ಮನೆಯಲ್ಲಿ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡಾಗುವ ದಿನ ದೂರವಿಲ್ಲ. ಗಾಲಿ ಕಟ್ಟುವುದನ್ನು ಹೇಳಿಕೊಡುವ ಪುಸ್ತಕ ಬರೆದ ಇಂಗ್ಲೆಂಡಿನ ರಾಜರ್ ಮಸನ್ ಮನೆಯಲ್ಲೇ ಮರದಿಂದ ಸ್ಟ್ಯಾಂಡ್ ಮಾಡಿಕೊಳ್ಳುವ ನಕ್ಷೆಯನ್ನೂ ಅದರಲ್ಲೇ ಕೊಟ್ಟಿದ್ದಾರೆ. ಪರಿಚಯದ ಬಡಗಿ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಅದೂ ಬೇಡವೆಂದರೆ ಹಳೆಯ ಫೋರ್ಕೊಂದನ್ನು ವೈಸಿಗೆ ಕಚ್ಚಿಸಿದರೆ ಮುಂದಿನ ಗಾಲಿಗಂತೂ ಸ್ಟ್ಯಾಂಡ್ ಸಿದ್ಧ. ಗೇರಿನ ಸೈಕಲ್ಲುಗಳಲ್ಲಿ ಹಿಂದಿನ ಗಾಲಿಯ ಆಕ್ಸಲ್ ಜಾಗ ಸಾಮಾನ್ಯವಾಗಿ 130–135 ಮಿಲಿಮೀಟರ್, ಮುಂದಿನದು 100. ಹಾಗಾಗಿ ಹಿಂದಿನದು ಅದರಲ್ಲಿ ಕೂರದು.

ಯಾವ ಸ್ಟ್ಯಾಂಡೂ ಹೇಳದ ಎರಡು ಸಂಗತಿಗಳಿವೆ. ಹಬ್ಬಿನ ಬೇರಿಂಗಿನಲ್ಲಿ ಪ್ಲೇ ಇದ್ದರೆ ರಿಮ್ ಒಮ್ಮೆ ಅತ್ತ ಒಮ್ಮೆ ಇತ್ತ ಸರಿಯುತ್ತದೆ. ಕೋನ್ ಸರಿಮಾಡದೆ ನಿಪ್ಪಲ್ ತಿರುಗಿಸುವುದು ದಂಡ. ಇನ್ನು ಗಾಲಿ ಜಂಪ್ ಹೊಡೆಯುತ್ತಿದೆ ಎಂಬ ದೂರುಗಳಲ್ಲಿ ಬಹಳಷ್ಟು ಟೈರಿನವು. ಟೈರಿನ ಅಂಚು ರಿಮ್ಮಿನೊಳಗೆ ಒಂದೆಡೆ ಪೂರ್ತಿ ಕೂರದಿದ್ದರೆ ಗಾಲಿ ಕುಂಟಿದಂತೆ ಕಾಣುತ್ತದೆ. ಟೈರಿನ ಪಕ್ಕೆಯಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ಸಣ್ಣ ಗೆರೆ ಇರುತ್ತದೆ. ಅದು ಸುತ್ತಲೂ ಒಂದೇ ಎತ್ತರದಲ್ಲಿದೆಯೇ ನೋಡಿ, ಆಮೇಲೆ ಕೀಗೆ ಕೈ ಹಾಕಬಹುದು.

ಡಿಶ್ ಗೇಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಲಿಯನ್ನು ಬಿಚ್ಚಿ ಎಡಬಲ ತಿರುಗಿಸಿ ಮತ್ತೆ ಫೋರ್ಕಿಗೆ ಹಾಕಿ. ರಿಮ್ಮಿನ ಜಾಗ ಬದಲಾಗದಿದ್ದರೆ ಅದು ನಟ್ಟನಡುವೆ ಇದೆ. ನಾಲ್ಕು ಮಿಲಿಮೀಟರ್ ಸರಿದು ಕಂಡರೆ ನಿಜವಾದ ತಪ್ಪು ಎರಡು ಮಿಲಿಮೀಟರ್. ಫೋರ್ಕೇ ಸೊಟ್ಟಗಿದ್ದರೂ ಈ ಪರೀಕ್ಷೆ ಮೋಸ ಮಾಡುವುದಿಲ್ಲ. ಹಿಂದಿನ ಡಿಸ್ಕ್ ಗಾಲಿಯನ್ನು ಹೀಗೆ ತಿರುಗಿಸಿ ಹಾಕಲು ರೋಟರ್ ಬಿಡದಿರಬಹುದು. ಆಗ ಟೈರ್ ಬಿಚ್ಚಿ, ಮೇಜಿನ ಮೇಲೆ ಒಂದೇ ಎತ್ತರದ ಮೂರು ಸ್ಟೀಲ್ ಲೋಟ ಬೋರಲು ಹಾಕಿ ರಿಮ್ಮನ್ನು ಅವುಗಳ ಮೇಲೆ ಮಲಗಿಸಿ. ಹಬ್ಬಿನ ಲಾಕ್‌ನಟ್ಟಿನ ಮುಖದಿಂದ ಮೇಜಿನವರೆಗಿನ ಅಂತರ ಅಳೆದು, ಗಾಲಿ ಮಗುಚಿ ಇನ್ನೊಂದು ಬದಿಯನ್ನೂ ಅಳೆದರೆ ಕೆಲಸ ಮುಗಿಯಿತು. ಆಕ್ಸಲ್ಲಿನ ತುದಿಯಿಂದ ಅಳೆಯಬಾರದು. ಅದು ಎರಡೂ ಬದಿಗೆ ಸಮನಾಗಿ ಚಾಚಿರಲೇಬೇಕೆಂದೇನೂ ಇಲ್ಲ.

ಬಿಗಿಯ ಮಾತು ಬಂದಾಗ ಕಿವಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೀಟಿದ ಕಡ್ಡಿ ತಂತಿವಾದ್ಯದ ತಂತಿಯ ನಿಯಮಕ್ಕೇ ಒಳಪಟ್ಟದ್ದು. ಉದ್ದ, ದಪ್ಪ ಒಂದೇ ಆಗಿದ್ದರೆ ಸ್ವರದ ಎತ್ತರ ಬಿಗಿಯ ವರ್ಗಮೂಲವನ್ನು ಅನುಸರಿಸುತ್ತದೆ. ಮೇಲೆ ಹೇಳಿದ 29 ಸೆಂಟಿಮೀಟರಿನ ಕಡ್ಡಿಗೆ 100 ಕಿಲೋ ಬಿಗಿ ಇದ್ದರೆ ಸೆಕೆಂಡಿಗೆ ಸುಮಾರು 350 ಕಂಪನ. ನಮ್ಮ ಸಂಗೀತಗಾರರ ಲೆಕ್ಕದಲ್ಲಿ ಅದು ಹತ್ತಿರಹತ್ತಿರ ನಾಲ್ಕು ಮನೆ ಶ್ರುತಿಯ ಷಡ್ಜ. ಮ್ಯಾಸಚೂಸೆಟ್ಸಿನ ಹ್ಯಾರಿಸ್ ಸೈಕ್ಲರಿ ಅಂಗಡಿಯಲ್ಲಿದ್ದ, ಸೈಕಲ್ ವಿದ್ಯೆಯನ್ನು ಲೋಕಕ್ಕೆಲ್ಲ ಹಂಚಿದ ಶೆಲ್ಡನ್ ಬ್ರೌನ್ ಟೆನ್ಶನ್ ಮೀಟರ್ ಬಳಸುವ ಮುಂಚೆ ತನ್ನ ಸಲಕರಣೆ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಇಟ್ಟುಕೊಂಡಿದ್ದ. ಅದರಲ್ಲಿ ಮುದ್ರಿಸಿಕೊಂಡಿದ್ದದ್ದು ಎಫ್ ಶಾರ್ಪ್ ಸ್ವರ ಒಂದೇ. ನಮ್ಮ ನಾಲ್ಕೂವರೆ ಮನೆ. ಲೆಕ್ಕ ಹಾಕಿದರೆ ಅದು ಅಂಥ ಕಡ್ಡಿಗೆ 115 ಕಿಲೋ ಆಸುಪಾಸಿನ ಬಿಗಿ. ಹಿತವಾದ ಬಿಗಿ.

ಕಿವಿಯ ಶಕ್ತಿ ಹೋಲಿಕೆಯಲ್ಲಿದೆ. ಎರಡು ಕಡ್ಡಿಗಳ ನಡುವೆ ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವಷ್ಟು ಅಂತರ ಕೇಳಿಸಿದರೆ ಅವುಗಳ ಬಿಗಿಯಲ್ಲಿ ಸುಮಾರು ಶೇ. 12 ವ್ಯತ್ಯಾಸ ಇದೆ ಎಂದರ್ಥ. ಸಂಗೀತ ಕಲಿಯದವರಿಗೂ ಅಷ್ಟು ಅಂತರ ಕೇಳಿಸುತ್ತದೆ. ತಂಬೂರಿಯ ಮುಂದೆ ಕೂತು ಅಭ್ಯಾಸ ಇದ್ದವರಿಗೆ ಅದರ ಕಾಲುಭಾಗವೂ ಕೇಳಿಸೀತು. ಸಾಧಾರಣ ಗಾಲಿಯನ್ನು ಸಮನಾಗಿ ಬಿಗಿಯಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಪಾಲಿಸಬೇಕಾದ ನಿಯಮಗಳು ಒಂದೆರಡು ಇವೆ. ದಾಟಿದ ಜಾಗದಲ್ಲಿ ಕಡ್ಡಿಗಳು ಒಂದಕ್ಕೊಂದು ತಾಗಿರುವುದರಿಂದ ಸದಾ ಒಂದೇ ಎಡೆಯಲ್ಲಿ, ರಿಮ್ಮಿನ ಕಡೆಗೆ ಮೀಟಬೇಕು. ನಡುವೆ ತೆಳುವಾಗಿರುವ ಕಡ್ಡಿ ಅದೇ ಬಿಗಿಗೆ ಹೆಚ್ಚು ಎತ್ತರದ ಸ್ವರ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಗಾಲಿಯ ಎಡಬಲಗಳನ್ನು ಹೋಲಿಸಬಾರದು. ಗೇರುಗಳಿಗೆ ಜಾಗ ಬಿಡಲು ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ. ಆದ್ದರಿಂದ ಎಡಗಡೆಯವು ಸಾಮಾನ್ಯವಾಗಿ ಅವುಗಳ ಅರ್ಧ ಅಥವಾ ಶೇ. 60ರಷ್ಟೇ ಬಿಗಿ ಇರುವುದು ಸಹಜ. ಎಡದವು ಸಡಿಲ ಇವೆಯಲ್ಲ ಎಂದು ಸಮ ಮಾಡಲು ಹೊರಟರೆ ರಿಮ್ ಎಡಕ್ಕೆ ಸರಿದು ಕೂರುತ್ತದೆ.

ಇದೇ ಮೀಟುವಿಕೆ ಬೆಂಡಿನ ಮೂಲವನ್ನೂ ಹೇಳಿಬಿಡುತ್ತದೆ. ಹಿಂದಿನ ಗಾಲಿ ಒಂದೆಡೆ ಎರಡು ಮಿಲಿಮೀಟರ್ ಬಲಕ್ಕೆ ಬಾಗಿದೆ ಎನ್ನೋಣ. ಆ ಜಾಗದ ಬಲಗಡೆಯ ಎರಡು ಕಡ್ಡಿಗಳು ತಮ್ಮ ಬದಿಯ ಉಳಿದವಕ್ಕಿಂತ ಎತ್ತರದ ಸ್ವರ ಹೊರಡಿಸಿ, ನಡುವಿನ ಎಡಗಡೆಯದು ಮಂಕಾಗಿ ಡಬ್ ಎಂದರೆ ಅದು ಬಿಗಿಯ ದೋಷ. ಎಡದ್ದನ್ನು ಬಿಗಿ ಮಾಡಿ, ಬಲದವನ್ನು ತುಸು ಸಡಿಲಿಸಿದರೆ ಆಕಾರವೂ ಬಿಗಿಯೂ ಒಟ್ಟಿಗೆ ಸರಿಹೋಗುತ್ತವೆ. ಬಲಗಡೆಯವು ಆಗಲೇ ಸಡಿಲವಾಗಿದ್ದು, ಎಡದ್ದು ಕಿರುಗುಟ್ಟುವಷ್ಟು ಬಿಗಿ ಇದ್ದೂ ರಿಮ್ ಬಲಕ್ಕೇ ಬಾಗಿದ್ದರೆ? ಗುಂಡಿಗೆ ಬಿದ್ದು ರಿಮ್ಮೇ ಮಡಚಿಕೊಂಡಿದೆ. ಅಲ್ಲಿ ಎಷ್ಟು ಕೀ ತಿರುಗಿಸಿದರೂ ಆಕಾರ ನೇರಮಾಡಲು ಬಿಗಿಯನ್ನು ಬಲಿಕೊಟ್ಟಂತೆ. ಸ್ಟ್ಯಾಂಡ್ ಮೇಲೆ ಈ ಎರಡೂ ಗಾಲಿಗಳು ಒಂದೇ ಥರ ಕಾಣುತ್ತವೆ ಎಂಬುದನ್ನು ಗಮನಿಸಬೇಕು.

ಕಿವಿ ಸೋಲುವುದು ಎಲ್ಲಿ? ಎಲ್ಲ ಕಡ್ಡಿಗಳೂ ಸಮ ಇವೆ ಎಂದು ಅದು ಹೇಳಬಲ್ಲದು. ಹೋಲಿಸಲು ಒಂದು ಶ್ರುತಿ ಇಲ್ಲದಿದ್ದರೆ, ಎಲ್ಲವೂ ಒಟ್ಟಾಗಿ ಕಮ್ಮಿಯೋ ಜಾಸ್ತಿಯೋ ಎಂದು ಹೇಳಲಾರದು. ತಾನೇ ಒಂದು ಟೆನ್ಶನ್ ಮೀಟರ್ ವಿನ್ಯಾಸ ಮಾಡಿದ್ದ ಬ್ರ್ಯಾಂಟ್ ಮೀಟರ್ ಇಲ್ಲದವರಿಗೂ ಒಂದು ದಾರಿ ಹೇಳಿದ್ದ. ಎಲ್ಲ ಕಡ್ಡಿಗಳನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತಾ, ಪ್ರತಿ ಸಲವೂ ಸಮಾನಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಹಿಸುಕುತ್ತಾ ಹೋಗಬೇಕು. ಹಿಸುಕಿದ ಮೇಲೆ ರಿಮ್ ಅಲೆಯಲೆಯಾಗಿ ಬಾಗಿದರೆ ರಿಮ್ಮಿನ ಮಿತಿ ಬಂದಿತು. ಅಲ್ಲಿಂದ ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿದರೆ ಸರಿ. 36 ಕಡ್ಡಿಯ, ತೆಳು ರಿಮ್ಮಿನ ಅವನ ಕಾಲದ ಗಾಲಿಗಳಿಗೆ ಇದು ಸೊಗಸಾದ ಉಪಾಯ. ಈಗಿನ ರಿಮ್ಮುಗಳು ಆಳ, ಗಡಸು. ಕಡ್ಡಿಗಳು 20 ಇಲ್ಲವೇ 24. ಇಂಥ ರಿಮ್ ಅಲೆ ಏಳುವುದಕ್ಕೆ ಮುಂಚೆಯೇ ನಿಪ್ಪಲ್ ಕೂರುವ ತೂತಿನ ಸುತ್ತ ಬಿರುಕು ಬಿಟ್ಟೀತು. ಅದಕ್ಕೇ ತಯಾರಕರು ಇಷ್ಟು ಕಿಲೋ ಮೀರಬಾರದು ಎಂದು ಮಿತಿ ಕೊಡುತ್ತಾರೆ. ಆ ಮಿತಿಯನ್ನು ಕೈ, ಕಣ್ಣು ಅಳೆಯಲಾರವು. ಮೊಬೈಲಿನ ಟ್ಯೂನರ್ ಹಿಡಿದು ಕಂಪನ ಎಣಿಸಿ ಲೆಕ್ಕ ಹಾಕಬಹುದು; ಚಪ್ಪಟೆ ಕಡ್ಡಿಗಳಿಗೆ ಆ ಲೆಕ್ಕ ಜಟಿಲವಾಗುತ್ತದೆ. ಮೀಟರ್ ಸುಲಭ. ಎರಡು ಕಡೆ ಆತುಕೊಂಡು ನಡುವೆ ಸ್ಪ್ರಿಂಗಿನಿಂದ ಕಡ್ಡಿಯನ್ನು ಒತ್ತುತ್ತದೆ. ಎಷ್ಟು ಬಾಗಿತು ಎಂಬುದನ್ನು ದಪ್ಪಕ್ಕೆ ತಕ್ಕ ಪಟ್ಟಿಯಲ್ಲಿ ನೋಡಿ ಬಿಗಿ ತಿಳಿಯುವುದು. ಅಗ್ಗದ ನಕಲುಗಳು ಹೋಲಿಕೆಗೆ ಒದಗುತ್ತವೆ, ಆದರೆ ಅವು ಹೇಳುವ ಕಿಲೋ ನಂಬಿ ಮಿತಿಯ ಅಂಚಿಗೆ ಹೋಗುವುದು ಜಾಣತನವಲ್ಲ.

ಇನ್ನು ಸೀಮೆಸುಣ್ಣದ ಪಕ್ಷ. ಲೂಧಿಯಾನದ ಹೀರೋ, ಸೋನಿಪತ್‌ನ ಅಟ್ಲಾಸ್, ಮದ್ರಾಸಿನ ಹರ್ಕ್ಯುಲಿಸ್‌ಗಳ ದೊಡ್ಡ ಸೈಕಲ್ಲುಗಳಲ್ಲಿ 28 ಇಂಚಿನ ಉಕ್ಕಿನ ರಿಮ್ಮು, ಮುಂದೆ 32 ಕಡ್ಡಿ, ಹಿಂದೆ 40. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕೆಗೆ ಒತ್ತುವುದಿಲ್ಲ, ಒಳಮೈಗೆ ಒತ್ತುತ್ತದೆ. ಹಾಗಾಗಿ ಎರಡು ಮೂರು ಮಿಲಿಮೀಟರ್ ಅಡ್ಡ ಓಲಾಟವನ್ನು ಆ ಸೈಕಲ್ ಲೆಕ್ಕಕ್ಕೇ ಇಡುವುದಿಲ್ಲ. ಜಂಪ್ ಇದ್ದರೆ ಮಾತ್ರ ಬ್ರೇಕ್ ಹಿಡಿದು ಹಿಡಿದು ಬಿಡುತ್ತದೆ. ಹಿಂದೆ ಹಾಲಿನ ಕ್ಯಾನು, ಮೇವಿನ ಹೊರೆ ಹೇರಿದರೂ 40 ಕಡ್ಡಿಗಳು ಹಂಚಿಕೊಳ್ಳುತ್ತವೆ. ಮೆಕ್ಯಾನಿಕ್ ಫೋರ್ಕಿಗೆ ಕೈ ಆತುಕೊಂಡು ಸೀಮೆಸುಣ್ಣವನ್ನು ಮೆಲ್ಲಗೆ ರಿಮ್ಮಿನ ಹತ್ತಿರ ತರುತ್ತಾನೆ. ಉಬ್ಬಿದ ಜಾಗಕ್ಕೆ ಬಿಳಿ ಗೆರೆ ಬೀಳುತ್ತದೆ, ಗೆರೆಯ ಉದ್ದವೇ ಎಷ್ಟು ಕಡ್ಡಿಗಳ ಮೇಲೆ ಕೆಲಸವಿದೆ ಎಂದು ಹೇಳುತ್ತದೆ. ನಡುನಡುವೆ ಸ್ಕ್ರೂಡ್ರೈವರಿನ ಹಿಡಿಯಿಂದ ಕಡ್ಡಿಗಳನ್ನು ಟಣಟಣ ಬಡಿಯುತ್ತಾ ಹೋಗುತ್ತಾನೆ. ಸಲಕರಣೆ ಇಲ್ಲದೆ ಮಾಡುತ್ತಾನೆ ಎಂದು ನಾವು ಅಂದುಕೊಳ್ಳುವುದು ತಪ್ಪು. ಬಡಿತದಲ್ಲಿ, ಹಿಸುಕುವ ಬೆರಳಿನಲ್ಲಿ ಅವನಿಗೆ ಮೀಟರ್ ಇದೆ. ಅದರ ಹಿಂದೆ ಸಾವಿರಾರು ಗಾಲಿಗಳ ರೂಢಿ ಇದೆ. ಮನೆಯಲ್ಲಿ ಕೂತವರಿಗೆ ಆ ರೂಢಿ ಇಲ್ಲದಿರುವುದರಿಂದ ‘ಅವನಿಗೆ ಬೇಡವಾದದ್ದು ನನಗೇಕೆ’ ಎಂಬ ವಾದ ನಿಲ್ಲುವುದಿಲ್ಲ.

ಯಂತ್ರ ಕಟ್ಟಿದ ಗಾಲಿಗಳದ್ದು ಬೇರೆ ಕಥೆ. ಈಗ ಮಾರಾಟವಾಗುವ ಬಹುಪಾಲು ಸೈಕಲ್ಲುಗಳ ಗಾಲಿಗಳನ್ನು ನೆದರ್ಲೆಂಡ್ಸಿನ ಹಾಲೆಂಡ್ ಮೆಕ್ಯಾನಿಕ್ಸ್‌ನಂಥವರ ಯಂತ್ರಗಳು ಬಿಗಿ ಮಾಡುತ್ತವೆ. ಆಕಾರ ಚೊಕ್ಕವಾಗಿರುತ್ತದೆ, ಅಗ್ಗದ ಗಾಲಿಗಳಲ್ಲಿ ಬಿಗಿ ಸಾಮಾನ್ಯವಾಗಿ ಕಮ್ಮಿ, ಕಡ್ಡಿಗಳು ಹಬ್ಬಿನ ತೂತಿನಲ್ಲಿ ಇನ್ನೂ ಒಗ್ಗಿರುವುದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಬೆಂಡು ಬರುವುದು ಅದಕ್ಕೆ. ಹೊಸ ಸೈಕಲ್ ತಂದ ದಿನವೇ ಕೈಗವಸು ಹಾಕಿಕೊಂಡು ಎರಡೆರಡು ಕಡ್ಡಿಗಳನ್ನು ಒಂದು ಸುತ್ತು ಹಿಸುಕಿ, ಆಮೇಲೆ ಕಾಲು ಸುತ್ತಿನ ತಿದ್ದುಪಡಿ ಮಾಡಿದರೆ ಮುಂದೆ ಎಷ್ಟೋ ತೊಂದರೆ ತಪ್ಪುತ್ತದೆ. ಅದಕ್ಕೂ ಬೇಕಾದದ್ದು ಒಂದು ಕೀ.

ಪರ್ಯಾಯವೇ ಇಲ್ಲದ ವಿಶೇಷ ಸಲಕರಣೆಗಳೂ ಇವೆ ಎಂದು ಒಪ್ಪಬೇಕು. ಮಾವಿಕ್, ಶಿಮಾನೊಗಳ ಕೆಲವು ಗಾಲಿಗಳ ನಿಪ್ಪಲ್ಲಿಗೆ ಆಯಾ ಕಂಪನಿಯ ಕೀಯೇ ಬೇಕು. ಕೆಲವು ಕಾರ್ಬನ್ ರಿಮ್ಮುಗಳಲ್ಲಿ ನಿಪ್ಪಲ್ ರಿಮ್ಮಿನೊಳಗೇ ಅಡಗಿದ್ದು, ಸಣ್ಣ ತಿದ್ದುಪಡಿಗೂ ಟೈರ್ ಬಿಚ್ಚಬೇಕು. ಚಪ್ಪಟೆ ಕಡ್ಡಿ ತಿರುಚದಂತೆ ಹಿಡಿಯಲು ಸೀಳಿರುವ ಹಿಡಿಕೆ ಬೇಕು. ಇಂಥ ಗಾಲಿ ಕೊಳ್ಳುವಾಗಲೇ ಕೀ ಪೆಟ್ಟಿಗೆಯಲ್ಲಿ ಇದೆಯೇ ಎಂದು ಕೇಳಿ ಪಡೆಯುವುದು ಒಳ್ಳೆಯದು. ಬೆಂಗಳೂರಿನಿಂದ ‘ಬ್ರೆವೆ’ ಎಂಬ 300, 400 ಕಿಲೋಮೀಟರಿನ ದೂರದ ಸವಾರಿಗೆ ಹೊರಡುವವರು ಇದನ್ನು ಮರೆಯಬಾರದು. 32 ಕಡ್ಡಿಯ ಗಾಲಿಯಲ್ಲಿ ನಡುರಾತ್ರಿ ಒಂದು ಕಡ್ಡಿ ಮುರಿದರೆ ಎದುರು ಬದಿಯ ಅಕ್ಕಪಕ್ಕದ ಎರಡನ್ನು ಅರ್ಧ ಸುತ್ತು ಸಡಿಲಿಸಿ, ಬ್ರೇಕ್ ಅಗಲ ಮಾಡಿಕೊಂಡು ಮನೆ ಸೇರಬಹುದು. 20 ಕಡ್ಡಿಯದರಲ್ಲಿ ರಿಮ್ ಫ್ರೇಮಿಗೇ ಉಜ್ಜುತ್ತದೆ. ಸರಿಯಾದ ಕೀ ಇಲ್ಲದವರಿಗೆ ಲಾರಿಯೇ ಗತಿ.

ಕೊಳ್ಳುವ ಕ್ರಮ ಕೇಳಿದರೆ ಹೀಗೆ ಹೇಳುತ್ತೇನೆ. ಮೊದಲು ಅಳತೆಗೆ ಸರಿಯಾದ, ಒಳ್ಳೆಯ ಉಕ್ಕಿನ ಒಂದು ಕೀ, ಹಲವು ಕಚ್ಚಿನದಲ್ಲ. ಹೊಸ ಗಾಲಿ ಕಟ್ಟುವ ಆಸೆ ಹುಟ್ಟಿದಾಗ ಅಥವಾ ಕಡಿಮೆ ಕಡ್ಡಿಯ ಗಾಲಿ ಮನೆಗೆ ಬಂದಾಗ ಟೆನ್ಶನ್ ಮೀಟರ್. ಸ್ಟ್ಯಾಂಡ್ ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನಬೇಡಿ.

ಕೈ ಪಳಗಿಸಲು ಗುಜರಿಯಲ್ಲಿ ರಿಮ್ ಬ್ರೇಕಿನ ಹಳೆಯ ಮುಂದಿನ ಗಾಲಿಯೊಂದನ್ನು ಹುಡುಕಿ ತನ್ನಿ. ಅದರಲ್ಲಿ ಎಡಬಲದ ಕಡ್ಡಿಗಳ ಉದ್ದ, ಬಿಗಿ ಒಂದೇ ಆಗಿರುವುದರಿಂದ ಕಿವಿಗೆ ಗೊಂದಲವಿಲ್ಲ. ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಎಲ್ಲ ನಿಪ್ಪಲ್ಲುಗಳನ್ನೂ ಎರಡು ಸುತ್ತು ಸಡಿಲಿಸಿ, ಮತ್ತೆ ಕಾಲು ಕಾಲು ಸುತ್ತಾಗಿ ಬಿಗಿ ಮಾಡುತ್ತಾ ಬನ್ನಿ. ವಾಲ್ವಿನ ತೂತಿನಿಂದ ಶುರುಮಾಡಿ ಅಲ್ಲಿಗೇ ಬಂದು ನಿಂತರೆ ಲೆಕ್ಕ ತಪ್ಪುವುದಿಲ್ಲ. ಕೆಟ್ಟರೆ ಹೋಗುವುದು ತೂಕದ ಲೆಕ್ಕದಲ್ಲಿ ಕೊಟ್ಟ ಕಬ್ಬಿಣದ ದುಡ್ಡು. ಹಿಂದಿನ ಗಾಲಿಗೆ ಆಮೇಲೆ ಕೈ ಹಾಕಿದರಾಯಿತು.